ಇಲಿಯ ಬುದ್ಧಿಯೋ, ವಿದ್ಯಾರ್ಥಿಯ ನಂಬಿಕೆಯೋ?

ಮನಶ್ಶಾಸ್ತ್ರವನ್ನು ಆರಿಸಿಕೊಂಡು ಕಾಲೇಜಿಗೆ ಬರುವ ತರುಣ ತರುಣಿಯರ ಮನಸ್ಸಿನಲ್ಲಿ ಏನೇನೋ ಆಸೆಗಳಿರುತ್ತವೆ. ಎದುರಿಗಿದ್ದವನ ಮುಖ ನೋಡಿ ಅಂತರಂಗವನ್ನು ಓದುವ ವಿದ್ಯೆ ಕೈವಶವಾದೀತು, ಕನಸುಗಳ ಒಗಟು ಬಿಡಿಸೀತು ಎಂದೆಲ್ಲ ಅವರು ಎಣಿಸಿರುತ್ತಾರೆ. ಬಂದ ಮೇಲೆ ದೊರೆಯುವುದು ಸ್ಟಾಪ್‌ವಾಚು, ಸರಾಸರಿಯ ಲೆಕ್ಕ, ಅಂಕಿಗಳು ತುಂಬಿದ ಹಾಳೆ. ಸಂಶೋಧನಾ ವಿಧಾನದ ಪಾಠದಷ್ಟು ನೀರಸವಾದುದು ಬೇರೊಂದಿಲ್ಲವೆಂದು ಗೊಣಗದ ವಿದ್ಯಾರ್ಥಿ ವಿರಳ. ಅಂಥವರಿಗಾಗಿ ಅಮೆರಿಕದ ಒಂದು ತರಗತಿಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುತ್ತೇನೆ.

ರಾಬರ್ಟ್ ರೋಸೆಂಥಾಲ್ ಎಂಬ ಅಧ್ಯಾಪಕರು ಉತ್ತರ ಡಕೋಟಾ ವಿಶ್ವವಿದ್ಯಾನಿಲಯದಲ್ಲಿದ್ದಾಗ, ಕರ್ಮಿಟ್ ಫೋಡ್ ಎಂಬವರೊಡನೆ ನಡೆಸಿದ ಪ್ರಯೋಗವಿದು; ಪ್ರಕಟವಾದುದು 1963ರಲ್ಲಿ. ಪ್ರಯೋಗಶಾಲೆಯ 12 ಮಂದಿ ವಿದ್ಯಾರ್ಥಿಗಳಿಗೆ ತಲಾ ಐದರಂತೆ ಬಿಳಿಯ ಇಲಿಗಳನ್ನು ಹಂಚಲಾಯಿತು. ಟಿ ಅಕ್ಷರದ ಆಕಾರದ ದಾರಿಯಲ್ಲಿ, ಎರಡು ಕವಲುಗಳ ಪೈಕಿ ಹೆಚ್ಚು ಗಾಢ ಬಣ್ಣದ್ದನ್ನು ಆರಿಸಿಕೊಳ್ಳುವುದನ್ನು ಇಲಿಗೆ ಕಲಿಸಬೇಕು. ದಿನಕ್ಕೆ ಹತ್ತು ಸರದಿ, ಒಟ್ಟು ಐದು ದಿನ. ಆರು ಮಂದಿಗೆ, 'ನಿಮ್ಮವು ಚುರುಕು ತಳಿಯ ಇಲಿಗಳು' ಎಂದು ಹೇಳಿದರು. ಉಳಿದ ಆರು ಮಂದಿಗೆ, 'ನಿಮ್ಮವು ಮಂದ ತಳಿಯವು, ಹೆಚ್ಚೇನೂ ನಿರೀಕ್ಷಿಸಬೇಡಿ' ಎಂದರು.

ಚುರುಕು ಇಲಿಗಳು ಮೊದಲ ದಿನದಿಂದಲೇ ಮುಂದಾದವು. ಮಂದ ಇಲಿಗಳಾದರೋ ನೂರಕ್ಕೆ 29 ಸಲ ಹೊರಟ ಜಾಗದಿಂದ ಕದಲಲೇ ಇಲ್ಲ. ಚುರುಕಿನವು ಹಾಗೆ ಹಟ ಹಿಡಿದುದು ನೂರಕ್ಕೆ 11 ಸಲ ಮಾತ್ರ. ವಂಶದ ಗುಣ ಎಲ್ಲಿ ಹೋಗುತ್ತದೆ ಎನ್ನುವಿರಾ? ಅಲ್ಲಿಯೇ ಸ್ವಾರಸ್ಯವಿರುವುದು. ತಳಿಯ ಭೇದವೆಂಬುದೇ ಇರಲಿಲ್ಲ! ಎಲ್ಲವೂ ಒಂದೇ ಬಗೆಯ ಸಾಧಾರಣ ಇಲಿಗಳು. ಹೆಸರು ಮಾತ್ರ ಬೇರೆ. ವಿದ್ಯಾರ್ಥಿಗಳು ಇಲಿಗಳನ್ನು ಪರೀಕ್ಷಿಸುತ್ತಿದ್ದರೆ, ಅಧ್ಯಾಪಕರು ವಿದ್ಯಾರ್ಥಿಗಳನ್ನು ಪರೀಕ್ಷಿಸುತ್ತಿದ್ದರು.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಪ್ರಯೋಗದ ಬಳಿಕ ವಿದ್ಯಾರ್ಥಿಗಳನ್ನೇ ಕೇಳಿದರು. ಚುರುಕಿನವೆಂದು ನಂಬಿದವರು ತಮ್ಮ ಇಲಿಗಳು ಮುದ್ದಾಗಿವೆ ಎಂದರು. ಅವನ್ನು ಹೆಚ್ಚು ಸಲ, ಹೆಚ್ಚು ಮೃದುವಾಗಿ ಕೈಗೆತ್ತಿಕೊಂಡೆವೆಂದರು. ಕೈಯ ಆ ಮೃದುತ್ವವೇ ಇಲಿಯ ಅಂಜಿಕೆಯನ್ನು ಕಳೆದಿರಬೇಕೆಂಬುದು ರೋಸೆಂಥಾಲರ ಊಹೆ.

ಇದಕ್ಕೊಂದು ಹಿಂದಿನ ಕಥೆಯೂ ಉಂಟು. ನಮ್ಮ ಬೀದಿಗಳಲ್ಲಿ ಕೋಲೆಬಸವ ಕೇಳಿದ್ದಕ್ಕೆಲ್ಲ ತಲೆಯಾಡಿಸುವುದನ್ನು ನೋಡಿದವರಿಗೆ ಇದು ಹೊಸದೆನಿಸಲಾರದು. ಬರ್ಲಿನ್ ನಗರದ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಹೇಳುತ್ತಿತ್ತು. 1904ರಲ್ಲಿ ಪಂಡಿತರ ಸಮಿತಿಯೊಂದು ಪರಿಶೀಲಿಸಿ, ಮೋಸವೇನೂ ಕಾಣಲಿಲ್ಲವೆಂದಿತು. ಆಸ್ಕರ್ ಫುಂಗ್‌ಸ್ಟ್ ಎಂಬ ತರುಣ ಸಂಶೋಧಕ ಮಾತ್ರ ಒಂದು ಸರಳ ಪ್ರಶ್ನೆಯನ್ನು ಹಾಕಿಕೊಂಡ: ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ? ಆಗ ಕುದುರೆ ಎಡವಿತು. ಕೇಳುವವನು ಕಣ್ಣಿಗೆ ಬೀಳದಂತೆ ಮಾಡಿದಾಗಲೂ ಎಡವಿತು. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನ ತಲೆ ತುಸು ಮೇಲೇಳುತ್ತಿತ್ತು. ಹಾನ್ಸ್ ಓದುತ್ತಿದ್ದುದು ಅದನ್ನು. ಗುಟ್ಟು ತಿಳಿದ ಮೇಲೂ ತನ್ನ ತಲೆಯ ಆ ಅಲುಗಾಟವನ್ನು ತಡೆಯುವುದು ಸ್ವತಃ ಫುಂಗ್‌ಸ್ಟ್‌ಗೆ ಸಾಧ್ಯವಾಗಲಿಲ್ಲವಂತೆ.

ಕುದುರೆ, ಇಲಿಗಳ ಮಾತು ಹಾಗಿರಲಿ. ಆ ಜಾಗದಲ್ಲಿ ಮಗುವೊಂದು ಕುಳಿತಿದ್ದರೆ? ರೋಸೆಂಥಾಲರು ಲೆನೋರ್ ಜೇಕಬ್‌ಸನ್ ಎಂಬ ಮುಖ್ಯೋಪಾಧ್ಯಾಯಿನಿಯೊಡನೆ ಶಾಲೆಯಲ್ಲೂ ಇಂಥ ಪ್ರಯೋಗ ಮಾಡಿ, 1968ರಲ್ಲಿ ಗ್ರಂಥ ಬರೆದರು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಹೆಸರು ಕೊಟ್ಟು, 'ಇವರು ಈ ವರ್ಷ ಅರಳುವರು' ಎಂದು ಉಪಾಧ್ಯಾಯರಿಗೆ ತಿಳಿಸಲಾಗಿತ್ತು. ಕೆಳಗಿನ ತರಗತಿಗಳಲ್ಲಿ ಅಂಥ ಮಕ್ಕಳು ಮುಂದೆ ಬಂದರೆಂದು ಅವರ ವಾದ. ಅಳತೆಯ ಕ್ರಮ ಸರಿಯಿಲ್ಲವೆಂದು ಇತರ ವಿದ್ವಾಂಸರು ಕಟುವಾಗಿ ಆಕ್ಷೇಪಿಸಿದರು. ಪರಿಣಾಮ ಅಷ್ಟು ದೊಡ್ಡದಲ್ಲವೆಂಬುದೇ ಅನಂತರದ ಹಲವರ ಅಭಿಪ್ರಾಯ. ಆ ವಾದವಿವಾದವನ್ನು ತೂಗಿ ನೋಡಲೂ ಬೇಕಾಗುವುದು ಆ ನೀರಸ ಪಾಠವೇ. 'ಈ ಹುಡುಗ ದಡ್ಡ' ಎಂದು ಮೂರನೆಯ ತರಗತಿಯಲ್ಲೇ ತೀರ್ಪು ಕೊಡುವ ಉಪಾಧ್ಯಾಯರು ನಮ್ಮಲ್ಲೇನು ಕಡಮೆಯೆ?

ವಿದ್ಯಾರ್ಥಿಗಳಿಗೆ ಸುಳ್ಳು ಹೇಳಿದುದು ನ್ಯಾಯವೇ ಎಂದೂ ಕೇಳಬಹುದು. ಇಂದಾದರೆ ಇಂಥ ಪ್ರಯೋಗಕ್ಕೆ ಮೊದಲು ನೀತಿ ಸಮಿತಿಯ ಒಪ್ಪಿಗೆ ಬೇಕು. ಮುಗಿದ ಮೇಲೆ ಪಾಲ್ಗೊಂಡವರಿಗೆ ನಿಜವನ್ನು ವಿವರಿಸಬೇಕು. ಇನ್ನು ಕಣ್ಣು ಮೋಸಹೋಗದಿರಲು ಉಪಾಯ ಬಲು ಸುಲಭ: ಯಾವುದು ಯಾವ ಗುಂಪಿನದೆಂಬುದು ಎಣಿಸುವವನಿಗೆ ತಿಳಿಯಕೂಡದು. ಇಲಿಗಳಿಗೆ ಬರಿಯ ಸಂಖ್ಯೆ ಕೊಟ್ಟು, ಪಟ್ಟಿಯನ್ನು ಇನ್ನೊಬ್ಬರ ಮೇಜಿನೊಳಗಿಟ್ಟು ಬೀಗ ಹಾಕಬೇಕು. ಕೊನೆಯ ಅಂಕಿ ಬರೆದಾದ ಮೇಲೆಯೇ ಆ ಬೀಗ ತೆಗೆಯುವುದು.