ಕುದುರೆ ಬಂದರಿನ ಗುಡ್ಡದ ಮೇಲೆ

ಠಾಣೆಯಿಂದ ಮಾನಪಾಡ, ಕಾಸಾರವಡವಲಿ, ಗಾಯಮುಖ ದಾಟಿ ಹೋಗುವ ಘೋಡಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನವೂ ನಿಲ್ಲುವ ನಮ್ಮವರಲ್ಲಿ ಎಷ್ಟೋ ಮಂದಿ ಘೋಡಬಂದರ್ ಊರನ್ನೇ ಕಂಡಿಲ್ಲ. ರಸ್ತೆ ಅಹಮದಾಬಾದ್ ಹೆದ್ದಾರಿಯನ್ನು ಕೂಡುವಲ್ಲಿಗೆ ಹತ್ತಿರ, ಉಲ್ಹಾಸ್ ನದಿಯ ಖಾಡಿ ಕಾಣುವ ಗುಡ್ಡದ ಮೇಲೆ ಅದರ ಕೋಟೆ ಇದೆ.

ಕೋಟೆ ಎಂದರೂ ಇದರ ಹುಟ್ಟಿಗೆ ಯುದ್ಧಕ್ಕಿಂತ ವ್ಯಾಪಾರವೇ ಕಾರಣ. ಅರಬ್ ವರ್ತಕರಿಂದ ಪೋರ್ಚುಗೀಸರು ಇಲ್ಲಿ ಕುದುರೆ ಕೊಳ್ಳುತ್ತಿದ್ದರು, ಊರಿಗೆ ಘೋಡಬಂದರ್, ಅಂದರೆ ಕುದುರೆ ಬಂದರು, ಎಂಬ ಹೆಸರು ಬಂದದ್ದೇ ಅದರಿಂದ ಎಂಬುದು ಪ್ರತೀತಿ. ಈ ವ್ಯಾಪಾರ ಕನ್ನಡಿಗರಿಗೆ ಹೊಸದಲ್ಲ. ಭಟ್ಕಳ, ಹೊನ್ನಾವರಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನಂತೆ! ಕುದುರೆಗಾಗಿ ರಾಜ್ಯಗಳು ಎಷ್ಟು ಹಾತೊರೆಯುತ್ತಿದ್ದವು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

1534ರಲ್ಲಿ ಖಾಡಿಯ ಆಚೆಯ ವಸಯಿ ಪೋರ್ಚುಗೀಸರ ಕೈ ಸೇರಿತು. ಮುಂದೆ ಈ ಗುಡ್ಡದ ಮೇಲೆ ಕೋಟೆ, ಅದರೊಳಗೆ ಚರ್ಚು ಎದ್ದವು. 1675ರಲ್ಲಿ ಇತ್ತ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್, ಗುಡ್ಡದ ತುದಿಯ ಕೋಟೆಮನೆಯನ್ನೂ ಚರ್ಚನ್ನೂ ಬಾಯಿತುಂಬ ಹೊಗಳಿದ್ದಾನೆ. ಮರಾಠಾ ಸೇನಾನಿ ಚಿಮಾಜಿ ಅಪ್ಪನ ದಂಡಯಾತ್ರೆಯ ಕಾಲಕ್ಕೆ, 1737ರಲ್ಲಿ, ಕೋಟೆ ಮರಾಠರದಾಯಿತು. 1774ರಲ್ಲಿ ಈ ಕೋಟೆಯಿರುವ ಸಾಷ್ಟಿ ದ್ವೀಪ ಇಂಗ್ಲಿಷರ ವಶವಾದ ಮೇಲೆ ಅಧಿಕಾರಿಗಳು ಬಂದರು. ಪ್ರಾರ್ಥನೆ ನಡೆಯುತ್ತಿದ್ದ ಚರ್ಚು ಅವರ ಬಂಗಲೆಯಾಯಿತು. ಅದನ್ನು ಕೆಡವದೆ ಬಳಸಿಕೊಂಡದ್ದು ಒಳ್ಳೆಯದೇ ಆಯಿತು. ಜನ ವಾಸವಿದ್ದ ಕಟ್ಟಡಕ್ಕೆ ಸುಣ್ಣ, ಹಂಚು, ಕಾವಲು ತಪ್ಪುವುದಿಲ್ಲ. ಬಾಗಿಲು ಹಾಕಿದ ಕಟ್ಟಡದ ಗೋಡೆಯಲ್ಲಿ ಮೊದಲು ಬೇರೂರುವುದು ಅರಳಿ.

ಈಗ ಇದು ಸಂರಕ್ಷಿತ ಸ್ಮಾರಕ. ಮೀರಾ-ಭಾಯಂದರ್ ಮಹಾನಗರಪಾಲಿಕೆ ದುರಸ್ತಿಗೂ ಕೈಹಾಕಿದೆ. ಕಲ್ಲುಗಾರೆ ಸರಿಪಡಿಸಿದರಷ್ಟೇ ಸಾಲದು, ಕುದುರೆ ವ್ಯಾಪಾರದ ಕಥೆ ಹೇಳುವ ಒಂದು ಸಣ್ಣ ಸಂಗ್ರಹಾಲಯ ಇಲ್ಲಿ ಬೇಕು. ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಸಂಘಗಳು ಮಕ್ಕಳನ್ನು ಒಂದು ಭಾನುವಾರ ಬೆಳಿಗ್ಗೆ ಇಲ್ಲಿಗೆ ಕರೆತರಲಿ. ಭಟ್ಕಳದ ಕಥೆಯನ್ನೂ ಅಲ್ಲೇ ಹೇಳಲಿ.