ಡಬ್ಬಿ ಅದೇ ಇರಲಿ, ಮುಖ ಹೊಸದಾಗಲಿ!

ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂಗಡಿ ಸಾಲುಗಳ ಬೆಳಕಿನ ಬೋರ್ಡುಗಳ ಕಥೆ-ವ್ಯಥೆ

ದೀಪ ಹಚ್ಚುವ ಹೊತ್ತಿಗೆ ಬಳ್ಳಾರಿ ಕಡೆಯಿಂದ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆನ್ನಿ. ಸಿಂಧನೂರು ದಾಟಿದರೆ ಮಸ್ಕಿ, ಮಸ್ಕಿ ದಾಟಿದರೆ ಲಿಂಗಸುಗೂರು. ಮೂರೂ ಊರುಗಳನ್ನು ಒಂದೇ ಹೆದ್ದಾರಿ ಪೋಣಿಸಿದೆ. ರಸ್ತೆಯ ಎರಡೂ ಕಡೆ ಬೆಳಕಿನ ಡಬ್ಬಿಗಳು. ಗೊಬ್ಬರದಂಗಡಿ, ಬೀಜದಂಗಡಿ, ಮೆಡಿಕಲ್ ಸ್ಟೋರು, ಮೊಬೈಲ್ ರಿಪೇರಿ, ಖಾನಾವಳಿ, ಬಟ್ಟೆ ಅಂಗಡಿ, ಒಂದೇ ಎರಡೇ! ಆದರೆ ಸ್ವಲ್ಪ ಕಣ್ಣಿಟ್ಟು ನೋಡಿ. ಒಂದು ಬೋರ್ಡು ಅರ್ಧ ಉರಿಯುತ್ತಿದೆ, ಇನ್ನೊಂದು ಮಿಣಮಿಣ ಎನ್ನುತ್ತಿದೆ. ಕಿರಾಣಿ ಅಂಗಡಿಯ ‘ಕಿ’ ಕತ್ತಲಲ್ಲಿ ಮುಳುಗಿ ಬರೀ ‘ರಾಣಿ’ ಉಳಿದಿದ್ದಾಳೆ. ಮತ್ತೊಂದರ ಫ್ಲೆಕ್ಸ್ ಹರಿದು ಗಾಳಿಗೆ ಪಟಪಟ ಬಡಿಯುತ್ತಿದೆ.

“ಎಲ್ಲಾ ಕಿತ್ತು ಹಾಕ್ರಿ ಸಾವ್ಕಾರ್ರ, ಹೊಸಾದು ಮಾಡಿಕೊಡ್ತೀನಿ” ಅನ್ನುವುದು ಬೋರ್ಡ್ ಮಾಡುವವರ ಮಾಮೂಲು ಮಾತು. ಸಾವ್ಕಾರ್ರು ರೇಟು ಕೇಳಿ ಸುಮ್ಮನಾಗುತ್ತಾರೆ. ಬೋರ್ಡು ಹಾಗೇ ಉಳಿಯುತ್ತದೆ. ಈ ಎರಡರ ನಡುವೆ ಒಂದು ದಾರಿ ಇದೆ. ಕಬ್ಬಿಣದ ಡಬ್ಬಿ ಗಟ್ಟಿ ಇದ್ದರೆ ಅದನ್ನು ಮುಟ್ಟಬೇಕಾಗಿಲ್ಲ, ಮುಂದಿನ ಮುಖ ಒಂದನ್ನೇ ಬದಲಿಸಿದರೆ ಸಾಕು. ಖರ್ಚು ಉಳಿಯುತ್ತದೆ, ಗೋಡೆ ಕೊರೆಯುವುದು ತಪ್ಪುತ್ತದೆ. ಆದರೆ ಅದನ್ನು ಬುದ್ಧಿಯಿಂದ ಮಾಡಬೇಕು.

ಕಾನೂನಿನ ಕಣ್ಣು

ಈ ಮಾತು ಈಗ ಯಾಕೆ ಅಂತೀರಾ? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆಯಿತು. 2023ರ ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಕರ್ನಾಟಕ ರಕ್ಷಣಾ ವೇದಿಕೆಯವರು ಇಂಗ್ಲಿಷ್ ಬೋರ್ಡುಗಳ ವಿರುದ್ಧ ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಸರ್ಕಾರ ಮೊದಲು ಸುಗ್ರೀವಾಜ್ಞೆ ತರಲು ಹೊರಟಿತು. ರಾಜ್ಯಪಾಲರು ಅದನ್ನು ಹಿಂದಕ್ಕೆ ಕಳಿಸಿದ ಮೇಲೆ 2024ರ ಫೆಬ್ರವರಿಯಲ್ಲಿ ವಿಧಾನಮಂಡಲದಲ್ಲೇ ಮಸೂದೆ ಪಾಸಾಯಿತು. ಅಂಗಡಿ, ಹೋಟೆಲು, ಆಸ್ಪತ್ರೆ, ಕಚೇರಿ ಯಾವುದೇ ಇರಲಿ, ನಾಮಫಲಕದ ಶೇಕಡಾ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂಬುದು ಅದರ ಸಾರ. ಇದು ಬೆಂಗಳೂರಿಗಷ್ಟೇ ಅಲ್ಲ, ಮಸ್ಕಿಯ ಚಹಾದಂಗಡಿಗೂ ಅಷ್ಟೇ ಅನ್ವಯ.

ಶೇಕಡಾ 60 ಅಂದರೆ ಎಷ್ಟು? ಲೆಕ್ಕ ಸುಲಭ. 8 ಅಡಿ ಉದ್ದ, 3 ಅಡಿ ಎತ್ತರದ ಬೋರ್ಡಿಗೆ ಒಟ್ಟು 24 ಚದರ ಅಡಿ. ಅದರಲ್ಲಿ ಶೇಕಡಾ 60 ಅಂದರೆ 14.4 ಚದರ ಅಡಿ. ಟೇಪು ಹಿಡಿದು ಮೇಲಿನಿಂದ 22 ಅಂಗುಲಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಪೂರಾ ಕನ್ನಡ. ಕೆಳಗಿನ 14 ಅಂಗುಲದಲ್ಲಿ ಇಂಗ್ಲಿಷೋ ಹಿಂದಿಯೋ ಉರ್ದುವೋ ನಿಮ್ಮಿಷ್ಟ. ಬೇರೆ ಭಾಷೆ ಬೇಡ ಅಂತ ಕಾನೂನು ಹೇಳಿಲ್ಲ.

ತಕರಾರು ಬರುವುದು ಪುಕ್ಕಟೆ ಬೋರ್ಡಿನಲ್ಲಿ. ಬೀಜ, ಔಷಧಿ, ಬಣ್ಣ, ತಂಪು ಪಾನೀಯ, ಮೊಬೈಲು ಕಂಪನಿಗಳವರು ಬಂದು ಡಬ್ಬಿ ಹಾಕಿಕೊಟ್ಟು ಹೋಗುತ್ತಾರೆ. ಅದರ ಮುಕ್ಕಾಲು ಪಾಲು ಅವರ ಇಂಗ್ಲಿಷ್ ಹೆಸರು, ಮೂಲೆಯಲ್ಲಿ ಇರುವೆ ಸಾಲಿನಂತೆ ನಿಮ್ಮ ಅಂಗಡಿಯ ಹೆಸರು. ಕಂಪನಿಗೆ ಪ್ರಚಾರ ಸಿಕ್ಕಿತು, ಸರಿ. ನಾಳೆ ನೋಟಿಸು ಬಂದರೆ ಅದು ಬರುವುದು ನಿಮ್ಮ ಬಾಗಿಲಿಗೆ. ಆದ್ದರಿಂದ ಪುಕ್ಕಟೆ ಕೊಡುವವರಿಗೆ ಮೊದಲೇ ಹೇಳಿ: “ಮ್ಯಾಲಿನ 22 ಅಂಗುಲ ಕನ್ನಡಾಗ ನಮ್ಮಂಗಡಿ ಹೆಸರು ಬರೀರಿ, ಇಲ್ಲಾಂದ್ರ ನಿಮ್ಮ ಬೋರ್ಡೇ ಬ್ಯಾಡ.”

ಬಿಚ್ಚುವ ಮುಂಚೆ

ಮೊದಲ ಕೆಲಸ ಮೇನ್ ಸ್ವಿಚ್ ಆಫ್. ಬೋರ್ಡಿನ ಬಟನ್ ಆಫ್ ಮಾಡಿದರೆ ಸಾಲದು. ಎಷ್ಟೋ ಕಡೆ ಬಟನ್ನು ನ್ಯೂಟ್ರಲ್ ವೈರಿಗೆ ಕೂತಿರುತ್ತದೆ. ದೀಪ ಆರಿದರೂ ಡಬ್ಬಿಯೊಳಗೆ ಕರೆಂಟು ಇದ್ದೇ ಇರುತ್ತದೆ. ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಬೇಕು. ಡಬ್ಬಿ ಕಬ್ಬಿಣದ್ದು, ಏಣಿಯೂ ಕಬ್ಬಿಣದ್ದಾದರೆ ಯಮನಿಗೆ ಬೇರೆ ದಾರಿ ಬೇಕಿಲ್ಲ. ಡಬ್ಬಿಗೆ ಅರ್ಥಿಂಗ್ ವೈರ್ ಇದೆಯೋ ಇಲ್ಲವೋ ಅದೇ ಹೊತ್ತಿಗೆ ನೋಡಿಸಿ. ಇಲ್ಲದಿದ್ದರೆ ಮುಖ ಬದಲಿಸುವ ಮುಂಚೆ ಅದನ್ನು ಹಾಕಿಸಿ. ಮಳೆಗಾಲದಲ್ಲಿ ಷಟರ್ ಎತ್ತುವವನಿಗೆ ಷಾಕ್ ಹೊಡೆದ ಮೇಲೆ ವೈರು ಹುಡುಕುವುದರಲ್ಲಿ ಅರ್ಥವಿಲ್ಲ.

ಎರಡನೆಯದು, ಡಬ್ಬಿಯನ್ನು ಗೋಡೆಗೆ ಹಿಡಿದಿರುವ ಬೋಲ್ಟು. ಏಪ್ರಿಲ್-ಮೇ ತಿಂಗಳ ಬಿರುಗಾಳಿ ನಮ್ಮ ಕಡೆ ಹೇಗಿರುತ್ತದೆಂದು ಗೊತ್ತೇ ಇದೆ. ಎಂಟಡಿ ಬೋರ್ಡು ಗಾಳಿಗೆ ಪಟದ ಹಾಗೆ ಅಡ್ಡ ನಿಂತಿರುತ್ತದೆ, ಅದರ ಕೆಳಗೆ ಬಸ್ಸಿಗೆ ಕಾಯುವ ಜನ. ಬೋಲ್ಟು ತುಕ್ಕು ಹಿಡಿದಿದ್ದರೆ, ಮೂಲೆಯ ವೆಲ್ಡಿಂಗ್ ಬಿಟ್ಟಿದ್ದರೆ ಮಾತ್ರ ಡಬ್ಬಿಯನ್ನೇ ಇಳಿಸಿ. ಆಗ ಮುಖ ಬದಲಿಸುವ ಮಾತು ಬಿಟ್ಟು ಪೂರಾ ಹೊಸದು ಮಾಡಿಸುವುದೇ ಲೇಸು.

ಅಳತೆಯಲ್ಲಿ ಅಡಗಿದೆ ಗುಟ್ಟು

ಮುಖವನ್ನು ಅಂಚಿನ ಪಟ್ಟಿ ಹಿಡಿದಿರುತ್ತದೆ. ಸಾಮಾನ್ಯವಾಗಿ ಒಂದು ಬದಿಯ ಪಟ್ಟಿಯ ಸ್ಕ್ರೂ ಬಿಚ್ಚಿದರೆ ಹಳೆಯ ಶೀಟು ಜಾರಿ ಬರುತ್ತದೆ. ಇಬ್ಬರು ಬೇಕು, ಗಾಳಿ ಇಲ್ಲದ ಹೊತ್ತು ಬೇಕು. ಹಳೆಯ ಶೀಟನ್ನು ಒಡೆದು ಎಸೆಯಬೇಡಿ, ಅದೇ ಹೊಸದಕ್ಕೆ ಮಾದರಿ. ಚೌಕಟ್ಟಿನ ಒಳ ಅಳತೆಯನ್ನು ಎಡ, ನಡು, ಬಲ ಮೂರೂ ಕಡೆ ಹಿಡಿಯಿರಿ. ಮೂಲೆಯಿಂದ ಮೂಲೆಗೂ ಟೇಪು ಹಿಡಿಯಿರಿ. ಎರಡೂ ಕರ್ಣದ ಅಳತೆ ಒಂದೇ ಬರದಿದ್ದರೆ ಚೌಕಟ್ಟು ಸೊಟ್ಟಗಿದೆ ಎಂದೇ ಅರ್ಥ. ಎಲ್ಲಕ್ಕಿಂತ ಕಡಿಮೆ ಬಂದ ಅಳತೆಯನ್ನೇ ಹಿಡಿದುಕೊಳ್ಳಿ.

ಅಕ್ರಿಲಿಕ್ ಶೀಟು ಹಾಕಿಸುವವರು ಒಂದು ಮಾತು ಮರೆಯಬಾರದು. ಅದು ಬಿಸಿಲಿಗೆ ಬೆಳೆಯುತ್ತದೆ! ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿ ಏರಿದರೆ, ಸುಮಾರು 0.07 ಮಿಲಿಮೀಟರ್. ಇದೇನು ಮಹಾ ಎನ್ನಬೇಡಿ. ಚಳಿಗಾಲದ ನಸುಕಿಗೂ ಮೇ ತಿಂಗಳ ಮಟಮಟ ಮಧ್ಯಾಹ್ನಕ್ಕೂ ಶೀಟಿನ ಬಿಸಿಯಲ್ಲಿ 35 ಡಿಗ್ರಿ ವ್ಯತ್ಯಾಸ ಹಿಡಿದರೆ, 8 ಅಡಿ ಶೀಟು ಹೆಚ್ಚುಕಮ್ಮಿ 6 ಮಿಲಿಮೀಟರ್, ಅಂದರೆ ಕಾಲು ಅಂಗುಲ ಉದ್ದವಾಗುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿನ ಬಗ್ಗೆ ಬೇರೆ ಹೇಳಬೇಕೆ? ಇಕ್ಕಟ್ಟಾಗಿ ಕೂರಿಸಿದ ಶೀಟು ಹೊಟ್ಟೆ ಉಬ್ಬಿಸುತ್ತದೆ, ಇಲ್ಲವೇ ಸ್ಕ್ರೂ ಹಾಕಿದ ತೂತಿನಿಂದ ಸೀಳು ಬಿಡುತ್ತದೆ. ಆದ್ದರಿಂದ ಉದ್ದದಲ್ಲಿ ಕಾಲು ಅಂಗುಲ ಸಡಿಲು ಬಿಟ್ಟು ಕತ್ತರಿಸಬೇಕು. ಶೀಟು ಪಟ್ಟಿಯೊಳಗೆ ಕೂತಿರಲಿ, ಅದಕ್ಕೇ ನೇರವಾಗಿ ಸ್ಕ್ರೂ ಬಡಿಯುವುದು ಬೇಡ. ಬಡಿಯಲೇಬೇಕಾದರೆ ಸ್ಕ್ರೂಗಿಂತ ದೊಡ್ಡ ತೂತು ಕೊರೆದು ವಾಷರ್ ಹಾಕಿಸಿ.

ಅಗ್ಗ ಎಂದು ಮತ್ತೆ ಫ್ಲೆಕ್ಸ್ ಎಳೆಯುವವರೂ ಉಂಟು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಹೆಸರೂ ಇದೆ ಎಂಬುದು ಗಮನದಲ್ಲಿರಲಿ. ಬಿಸಿಲಿಗೆ ಅದು ಬೇಗ ಬಣ್ಣಗೆಟ್ಟು ಜೋಲುತ್ತದೆ. ಹಾಲಿನ ಬಣ್ಣದ ಅಕ್ರಿಲಿಕ್ ಶೀಟಿಗೆ ಮೊದಲು ಒಂದಿಷ್ಟು ಹೆಚ್ಚು ದುಡ್ಡು ಹೋಗುತ್ತದೆ, ಬಾಳಿಕೆಯಲ್ಲಿ ವಾಪಸು ಬರುತ್ತದೆ. ಅಕ್ಷರಕ್ಕೆ ಬೆಳಕು ಹಾಯುವ ಸ್ಟಿಕ್ಕರೇ ಬೇಕು. ಮಾಮೂಲಿ ಸ್ಟಿಕ್ಕರ್ ಹಚ್ಚಿದರೆ ಹಗಲಲ್ಲಿ ಕೆಂಪಗೆ ಕಾಣುವ ಹೆಸರು ರಾತ್ರಿ ಕಪ್ಪಗೆ ಕಾಣುತ್ತದೆ.

ಹೊಟ್ಟೆಯೊಳಗಿನ ಬೆಳಕು

ಮುಖ ಬಿಚ್ಚಿದ್ದೇ ಆಯಿತು, ಒಳಗೂ ಒಮ್ಮೆ ಇಣುಕಿ. ಗದ್ದೆಗಳ ನಡುವಿನ ಊರು ಸಿಂಧನೂರು. ಭತ್ತದ ಕಾಲದಲ್ಲಿ ದೀಪಕ್ಕೆ ಮುತ್ತುವ ಹುಳುಗಳ ರಾಶಿ ಡಬ್ಬಿಯ ತಳದಲ್ಲೇ ಇರುತ್ತದೆ. ಅದನ್ನು ಗುಡಿಸಿ, ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿಸಿ. ಒಳಮೈಗೆ ಬಿಳಿ ಬಣ್ಣ ಹೊಡೆಸಿದರೆ ಬೆಳಕು ಹೆಚ್ಚುತ್ತದೆ. ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರಲಿ.

ಹಳೆಯ ಟ್ಯೂಬುಗಳನ್ನು ಬದಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಚೋಕ್ ಸೇರಿ ಒಂದು ಹಳೆಯ ಟ್ಯೂಬು ಸುಮಾರು 50 ವ್ಯಾಟ್ ತಿನ್ನುತ್ತದೆ. ಆರು ಟ್ಯೂಬಿಗೆ 300 ವ್ಯಾಟ್. ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 45 ಯೂನಿಟ್. ಅದೇ 20 ವ್ಯಾಟಿನ ಎಲ್‌ಇಡಿ ಟ್ಯೂಬು ಆರು ಹಾಕಿದರೆ ತಿಂಗಳಿಗೆ 18 ಯೂನಿಟ್. ಜೆಸ್ಕಾಂ ಬಿಲ್ಲಿನಲ್ಲಿ 27 ಯೂನಿಟ್ ಉಳಿತಾಯ, ಅದೂ ವಾಣಿಜ್ಯ ದರದಲ್ಲಿ. ಆದರೆ ಹಳೆಯ ಪಟ್ಟಿಗೆ ಎಲ್‌ಇಡಿ ಟ್ಯೂಬನ್ನು ಹಾಗೇ ಸಿಕ್ಕಿಸಬೇಡಿ. ಚೋಕ್, ಸ್ಟಾರ್ಟರ್ ತೆಗೆದು ಟ್ಯೂಬಿನ ಮೇಲೆ ಬರೆದಿರುವ ಪ್ರಕಾರ ವೈರಿಂಗ್ ಮಾಡಬೇಕಾಗುತ್ತದೆ. ಅದು ವೈರ್‌ಮನ್ ಕೆಲಸ, ಅಂಗಡಿ ಹುಡುಗನದಲ್ಲ. ತೆಗೆದ ಹಳೆಯ ಟ್ಯೂಬನ್ನು ಚರಂಡಿಗೆ ಎಸೆದು ಒಡೆಯಬೇಡಿ, ಒಳಗೆ ಪಾದರಸವಿದೆ.

ಸಾಲು ಸಾಲಾಗಿ ಪಟ್ಟೆ ಕಾಣುವ ಬೋರ್ಡು ನೋಡಿದ್ದೀರಲ್ಲ? ಟ್ಯೂಬಿನಿಂದ ಟ್ಯೂಬಿಗೆ ಇರುವ ದೂರ, ಟ್ಯೂಬಿನಿಂದ ಮುಖಕ್ಕೆ ಇರುವ ದೂರಕ್ಕಿಂತ ಬಹಳ ಹೆಚ್ಚಾದರೆ ಹಾಗಾಗುತ್ತದೆ. ಪಟ್ಟಿ ಬಿಗಿಯುವ ಮುಂಚೆ ಕತ್ತಲಾದ ಮೇಲೆ ಒಮ್ಮೆ ಉರಿಸಿ, ರಸ್ತೆಯ ಆಚೆ ಬದಿ ನಿಂತು ನೋಡಿ. ತಪ್ಪಿದ್ದರೆ ಆಗಲೇ ಸರಿಮಾಡಿಸಿ.

ಒತ್ತಕ್ಷರಕ್ಕೆ ಜಾಗ ಬಿಡಿ

ಇನ್ನು ಅಕ್ಷರದ ಮಾತು. ಇಂಗ್ಲಿಷ್ ಅಳತೆಗೆ ಹಾಕಿದ ಪಟ್ಟಿಯಲ್ಲಿ ಕನ್ನಡ ತುರುಕಿದರೆ ಏನಾಗುತ್ತದೆ? ‘ವಸ್ತ್ರಾಲಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಸ’ದ ಕೆಳಗೆ ‘ತ’, ಅದರ ಜೊತೆಗೆ ‘ರ’. ಇಷ್ಟಕ್ಕೂ ಕೆಳಗೆ ಜಾಗ ಬೇಕು. ಜಾಗ ಬಿಡದಿದ್ದರೆ ಒತ್ತಕ್ಷರ ಕೆಳಗಿನ ಇಂಗ್ಲಿಷ್ ಸಾಲಿನ ತಲೆಯ ಮೇಲೆ ಕೂರುತ್ತದೆ, ಇಲ್ಲವೇ ಪಟ್ಟಿಯಡಿ ಮುಚ್ಚಿಹೋಗುತ್ತದೆ. ಹಾಗಂತ ಕಂಪ್ಯೂಟರಿನಲ್ಲಿ ಅಕ್ಷರವನ್ನು ಅಡ್ಡಡ್ಡ ಜಗ್ಗಿಸಿದರೆ ರೊಟ್ಟಿ ತಟ್ಟಿದಂತಾಗುತ್ತದೆ. ಹೆಸರು ಉದ್ದವಿದ್ದರೆ ಪದ ಕಡಿಮೆ ಮಾಡಿ, ಅಕ್ಷರ ಚಪ್ಪಟೆ ಮಾಡಬೇಡಿ. ಒಂದು ಅಂಗುಲದ ಅಕ್ಷರ ಹತ್ತಡಿ ದೂರಕ್ಕೆ ಸಲೀಸಾಗಿ ಕಾಣುತ್ತದೆ ಎಂಬುದು ಈ ಕಸುಬಿನ ಅಂದಾಜು. ರಸ್ತೆಯ ಆಚೆಯಿಂದ, 60 ಅಡಿಯಿಂದ ಓದಬೇಕಾದರೆ ಮುಖ್ಯ ಅಕ್ಷರ ಆರಂಗುಲವಾದರೂ ಇರಲಿ. ಓಡುವ ಬಸ್ಸಿನವರಿಗೆ ಇನ್ನೂ ದೊಡ್ಡದಿದ್ದರೆ ಒಳ್ಳೆಯದು.

ಕಾಗುಣಿತದ ಗೋಳು ಬೇರೆ. ಅಚ್ಚಿಗೆ ಹೋಗುವಾಗ ಕಂಪ್ಯೂಟರು ಫಾಂಟ್ ಬದಲಿಸಿ ಒತ್ತು, ಅರ್ಕಾವತ್ತುಗಳನ್ನು ದಿಕ್ಕಾಪಾಲು ಮಾಡುವುದುಂಟು. ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಊರಿನ ಕನ್ನಡ ಮೇಷ್ಟ್ರಿಗೆ ತೋರಿಸಿದ ಮೇಲೆಯೇ ಸ್ಟಿಕ್ಕರ್ ಕತ್ತರಿಸಲು ಹೇಳಿ. ತಗಡಿನ ಮೇಲೆ ಕೈಯಲ್ಲೇ ಬರೆದು ಪಳಗಿದ ಹಳೆಯ ಪೇಂಟರುಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕೆಂದು ಅವರ ಕೈಗೆ ಗೊತ್ತು. ಕೆಲಸ ಕಳೆದುಕೊಂಡು ಕೂತ ಅಂಥವರಿಗೆ ನಾಲ್ಕು ಕಾಸು ಕೊಟ್ಟು ಮಾದರಿ ಬರೆಸಿದರೆ ಬೋರ್ಡೂ ಚೆಂದ, ಅವರ ಮನೆಯ ಒಲೆಯೂ ಉರಿದೀತು.

ಮಸ್ಕಿಯವರಿಗೆ ಬೋರ್ಡಿನ ಬೆಲೆ ಬೇರೆ ಹೇಳಬೇಕಿಲ್ಲ. 1915ರಲ್ಲಿ ಅಲ್ಲಿನ ಗುಡ್ಡದ ಬಂಡೆಯ ಮೇಲೆ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಸಾಹೇಬರ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಹೆಸರನ್ನು ಸ್ಪಷ್ಟವಾಗಿ ಬರೆಸಿದ್ದರಿಂದ ಎರಡು ಸಾವಿರದ ಇನ್ನೂರು ವರ್ಷದ ಮೇಲೂ ಇದು ಯಾರದೆಂದು ತಿಳಿಯಿತು. ನಮ್ಮ ಬೋರ್ಡು ಹತ್ತು ವರ್ಷ ಬಾಳಿದರೂ ಸಾಕು, ಆದರೆ ಹೆಸರು ತಿಳಿಯುವಂತಿರಲಿ.

ಕೊನೆಗೆ ಸಿಂಧನೂರು ನಗರಸಭೆ, ಮಸ್ಕಿ ಮತ್ತು ಲಿಂಗಸುಗೂರು ಪುರಸಭೆಗಳ ಅಧಿಕಾರಿಗಳಲ್ಲಿ ಒಂದು ವಿನಂತಿ. ನೋಟಿಸು ಹಂಚುವ ಮುಂಚೆ ಶೇಕಡಾ 60ರ ಲೆಕ್ಕವನ್ನು ಚಿತ್ರ ಸಮೇತ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಕೊಡಿ. ಹಳೆಯ ಟ್ಯೂಬುಗಳನ್ನು ತಂದುಹಾಕಲು ಒಂದು ಜಾಗ ಗೊತ್ತುಮಾಡಿ. ಹೆದ್ದಾರಿ ಬದಿಯ ಸಡಿಲು ಬೋರ್ಡುಗಳನ್ನು ಬಿರುಗಾಳಿಗೆ ಮೊದಲೇ ಒಮ್ಮೆ ತಪಾಸಣೆ ಮಾಡಿಸಿ. ದಂಡ ಹಾಕುವುದು ಆಮೇಲೆ ಇದ್ದೇ ಇದೆ.

ಸಾವ್ಕಾರ್ರೇ, ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ರಸ್ತೆ ದಾಟಿ ಆಚೆ ನಿಂತು ನಿಮ್ಮ ಬೋರ್ಡನ್ನು ಒಮ್ಮೆ ನೋಡ್ರಿ. ಗಿರಾಕಿಗೆ ಕಾಣೋದು ಅದೇ.