ಮಾದಾವರ ದಾಟಿ ಮೆಟ್ರೋ ಯಾವಾಗ? ಸೈಟಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ನೆಲಮಂಗಲ: 'ಇನ್ನೇನು ಮೆಟ್ರೋ ಬಂದೇಬಿಡ್ತು ಸಾರ್, ಈಗಲೇ ಬುಕ್ ಮಾಡ್ಕೊಳ್ಳಿ'. ತುಮಕೂರು ರಸ್ತೆಯ ಉದ್ದಕ್ಕೂ ಸೈಟು ಮಾರುವವರ ಬಾಯಲ್ಲಿ ಈಗ ಇದೇ ಮಾತು. ಅಂಗಡಿ ಮಾಲೀಕರೂ ಬಾಡಿಗೆ ಏರಿಸಲು ಇದೇ ಕಾರಣ ಹೇಳುತ್ತಿದ್ದಾರೆ. ನಿಜಕ್ಕೂ ಮೆಟ್ರೋ ಎಲ್ಲಿವರೆಗೆ ಬಂದಿದೆ, ಮುಂದೆ ಏನಾಗಬೇಕು? ಬಿಡಿಸಿ ನೋಡೋಣ.

ಸದ್ಯ ಕೈಯಲ್ಲಿರುವುದು

ಹಸಿರು ಮಾರ್ಗ ನಾಗಸಂದ್ರಕ್ಕೆ ಬಂದಿದ್ದು 2015ರ ಮೇ ತಿಂಗಳಲ್ಲಿ. ಅಲ್ಲಿಂದ ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ ಹೀಗೆ ಮೂರೇ ನಿಲ್ದಾಣ, ಮೂರು ಕಿ.ಮೀ. ಚಿಲ್ಲರೆ ದೂರ. ಇದರ ಕೆಲಸ 2017ರಲ್ಲಿ ಗುತ್ತಿಗೆಗೆ ಹೋಯಿತು. ರೈಲು ಓಡಿದ್ದು 2024ರ ನವೆಂಬರ್ 7ಕ್ಕೆ. ಅಂದರೆ ಮೂರು ಕಿ.ಮೀ.ಗೆ ಏಳು ವರ್ಷ! ಈ ಲೆಕ್ಕ ನೆನಪಿಟ್ಟುಕೊಳ್ಳಿ.

ತಡವಾದರೂ ಅನುಕೂಲ ಆಗಿದ್ದು ಸುಳ್ಳಲ್ಲ. ಮಾದಾವರದಲ್ಲಿ ಹತ್ತಿದರೆ ಜಾಲಹಳ್ಳಿ, ಗೊರಗುಂಟೆಪಾಳ್ಯದ ಜಾಮ್ ತಲೆನೋವಿಲ್ಲದೆ ಯಶವಂತಪುರ, ಮೆಜೆಸ್ಟಿಕ್ ತಲುಪಬಹುದು. ಸರಕು ತರಲು ಹೋಗುವ ವ್ಯಾಪಾರಿಗಳಿಗೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಕೂಡ ಇದೇ ಮಾರ್ಗದಲ್ಲಿವೆ, ರೈಲು ಬದಲಿಸುವ ಗೋಜಿಲ್ಲ. ಆದರೆ ದೊಡ್ಡ ಲಗೇಜ್‌ಗೆ ಬೇರೆ ಟಿಕೆಟ್ ಬೇಕು. ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರು ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿಯಬಹುದು.

ದರ ಮಾತ್ರ ಹಗುರವಿಲ್ಲ. 2025ರ ಫೆಬ್ರವರಿ ಪರಿಷ್ಕರಣೆಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದಿನಾ ಓಡಾಡುವವರು ಸ್ಮಾರ್ಟ್ ಕಾರ್ಡ್ ಇಟ್ಟುಕೊಂಡರೆ ಶೇ 5ರಷ್ಟಾದರೂ ಉಳಿಯುತ್ತೆ.

ತುಮಕೂರು ಮೆಟ್ರೋ ಕಥೆ ಏನು?

2024ರ ರಾಜ್ಯ ಬಜೆಟ್‌ನಲ್ಲಿ ಮಾದಾವರದಿಂದ ತುಮಕೂರಿಗೆ ಖಾಸಗಿ ಸಹಭಾಗಿತ್ವದಲ್ಲಿ ಮೆಟ್ರೋ ಒಯ್ಯಲು ಕಾರ್ಯಸಾಧ್ಯತಾ ವರದಿ ಮಾಡಿಸುವುದಾಗಿ ಸರ್ಕಾರ ಹೇಳಿತು. ವರದಿ ಬಂತು. 2025ರ ಕೊನೆಗೆ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ ತಯಾರಿಸಲು ಟೆಂಡರ್ ಕರೆದರು. ಜನ ಎಡವುವುದು ಇಲ್ಲೇ. ಅದು ವರದಿ ಬರೆಸುವ ಟೆಂಡರ್, ಕಂಬ ನೆಡುವ ಟೆಂಡರ್ ಅಲ್ಲ.

ಡಿಪಿಆರ್ ಮುಗಿದ ಮೇಲೆ ಸಂಪುಟದ ಒಪ್ಪಿಗೆ, ಕೇಂದ್ರದ ಅನುಮತಿ, ದುಡ್ಡು ಹಾಕುವ ಖಾಸಗಿ ಕಂಪನಿ, ಭೂಸ್ವಾಧೀನ, ಆಮೇಲೆ ಕಾಮಗಾರಿ. ಇದರಲ್ಲಿ ಯಾವ ಮೆಟ್ಟಿಲಲ್ಲಾದರೂ ಯೋಜನೆ ನಿಲ್ಲಬಹುದು, ನಿಲ್ದಾಣದ ಜಾಗವೂ ಬದಲಾಗಬಹುದು. ಅಷ್ಟು ದೂರಕ್ಕೆ ಮೆಟ್ರೋಗಿಂತ ಈಗಿರುವ ರೈಲು ಹಳಿಯಲ್ಲೇ ಹೆಚ್ಚು ರೈಲು ಓಡಿಸುವುದು ಮೇಲು ಅನ್ನುವ ವಾದವೂ ಇದೆ.

ಜಮೀನು ಹೋಗುತ್ತಾ ಅಂತ ಹೇಗೆ ತಿಳಿಯೋದು?

ನಮ್ಮ ಮೆಟ್ರೋಗೆ ಜಮೀನು ಸ್ವಾಧೀನ ಮಾಡಿಕೊಟ್ಟಿರುವುದು ಹೆಚ್ಚಾಗಿ ಕೆಐಎಡಿಬಿ. ಮೊದಲು 28(1)ರ ಪ್ರಾಥಮಿಕ ಅಧಿಸೂಚನೆ ಸರ್ವೆ ನಂಬರ್ ಸಮೇತ ಬರುತ್ತದೆ. ಆಕ್ಷೇಪಣೆಗೆ ಅವಕಾಶ ಇರುತ್ತದೆ. ಅಂತಿಮ ಅಧಿಸೂಚನೆ 28(4)ರಲ್ಲಿ. ಇಂಥ ಕಾಗದ ಇಲ್ಲದೆ 'ಇಲ್ಲೇ ಸ್ಟೇಷನ್' ಅಂತ ಯಾರಾದರೂ ಮೊಬೈಲಲ್ಲಿ ನಕ್ಷೆ ತೋರಿಸಿದರೆ ಅದು ಬರೀ ಚಿತ್ರ.

ಹಾಗಾದರೆ ಸೈಟು ತಗೋಬಾರದಾ? ತಗೊಳ್ಳಿ. ಆದರೆ ಇವತ್ತಿರುವ ರಸ್ತೆ, ನೀರು, ಭೂಪರಿವರ್ತನೆ ಆದೇಶ, ಲೇಔಟ್ ಅನುಮೋದನೆ, ಇ-ಖಾತೆ, ಇ.ಸಿ. ನೋಡಿ ಬೆಲೆ ಕಟ್ಟಿ. ಮೆಟ್ರೋ ಬಂದರೆ ಅದು ಲಾಭ. ಬಾರದಿದ್ದರೂ ಸಾಲದ ಕಂತು ಮಾತ್ರ ಪ್ರತಿ ತಿಂಗಳು ಟೈಮಿಗೆ ಸರಿಯಾಗಿ ಬರುತ್ತೆ.